ಚಿಪ್ಪುಜೀವಿಗಳಿಗೆ ಮೀನಿನ ಕಾನೂನು ಸಾಕೇ?

ಸಮುದ್ರದ ಬೆಳೆಯನ್ನು ಸರ್ಕಾರ ಹೇಗೆ ಕಾಯುತ್ತದೆ ಎಂದು ಕೇಳಿದರೆ ನಮ್ಮ ಕರಾವಳಿಯವರು ಮೊದಲು ಹೇಳುವುದು ಮಳೆಗಾಲದ ನಿಷೇಧವನ್ನು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ದಕ್ಕೆ ಬಿಟ್ಟು ಹೊರಡುವಂತಿಲ್ಲ. ಹಲವು ಮೀನುಗಳು ಮೊಟ್ಟೆಯಿಡುವ ಕಾಲವದು, ಅವಕ್ಕೆ ಬಿಡುವು ಕೊಡಬೇಕು ಎಂಬ ವಾದ ಯಾರಿಗಾದರೂ ಅರ್ಥವಾಗುವಂಥದು. ಇದರ ಜೊತೆಗೆ ದೋಣಿಯ ನೋಂದಣಿ, ಪರವಾನಗಿ, ಬಲೆಯ ಕಣ್ಣಿನ ಅಳತೆ, ಎಂಜಿನ್ನಿನ ಅಶ್ವಶಕ್ತಿ ಇತ್ಯಾದಿ. ಕರ್ನಾಟಕದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯನ್ನು ಓದಿ ನೋಡಿ. ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ದೋಣಿ ಎಂಬುದು ಸ್ಪಷ್ಟವಾಗುತ್ತದೆ.

ಈಗ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನು ನೆನೆಸಿಕೊಳ್ಳಿ. ಇಳಿತದ ಹೊತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ನಿಂತು, ಕೆಸರನ್ನು ಕಾಲಿನಿಂದ ತಡವಿ ಹೆಂಗಸರು ಬಳಚು ಹೆಕ್ಕುತ್ತಾರೆ. ಅವರ ಕೈಯಲ್ಲಿ ಬಲೆಯಿಲ್ಲ, ಎಂಜಿನ್ನಿಲ್ಲ, ಎಷ್ಟೋ ಸಲ ದೋಣಿಯೂ ಇಲ್ಲ. ಬುಟ್ಟಿ ತುಂಬಿದರೆ ಅದು ನೇರವಾಗಿ ಸಂತೆಗೆ ಹೋಗುತ್ತದೆ, ಬಂದರಿನ ಹರಾಜಿಗಲ್ಲ. 61 ದಿನಗಳ ನಿಷೇಧವು ಈ ಮೀನುಗಾರಿಕೆಯನ್ನು ಮುಟ್ಟುವುದೇ ಇಲ್ಲ. ದಕ್ಷಿಣ ಕನ್ನಡದಲ್ಲಿ ಮರುವಾಯಿ, ಕಾರವಾರದ ಕಡೆ ತಿಸ್ರೆ ಎಂದು ಕರೆಯುವ ಈ ಜೀವಿಗಳ ಬಗ್ಗೆ ನಮ್ಮಲ್ಲಿ ಕಾನೂನು ಮೌನವಾಗಿದೆ ಎಂದರೆ ತಪ್ಪಾಗಲಾರದು.

ಇದು ಕರ್ನಾಟಕವೊಂದರ ಕೊರತೆಯಲ್ಲ. ಬಳಚು, ನೀಲಿಕಲ್ಲು, ಸಿಂಪಿ, ಶಂಖ, ಕಡಲ ಸೌತೆ, ಏಡಿ, ಸಿಗಡಿ, ಬೊಂಡಾಸ್ ಮುಂತಾದ ಅಕಶೇರುಕಗಳ, ಅಂದರೆ ಬೆನ್ನೆಲುಬಿಲ್ಲದ ಜೀವಿಗಳ ಮೀನುಗಾರಿಕೆಗೆ ಜಗತ್ತಿನ ಎಷ್ಟೋ ಕಡೆ ಬೆನ್ನೆಲುಬಿರುವ ಮೀನಿನ ಲೆಕ್ಕವನ್ನೇ ಅನ್ವಯಿಸಲಾಗಿದೆ. ಫಲಿತಾಂಶ ಹೇಗಿದೆ ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ. ಸಿಗಡಿಗಳು ಈಜುತ್ತವೆ, ಅವುಗಳ ನಿರ್ವಹಣೆ ಮೀನಿಗೆ ತಕ್ಕಮಟ್ಟಿಗೆ ಹತ್ತಿರ. ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಮೊದಲು ಆ ಲೆಕ್ಕವೇನೆಂದು ನೋಡೋಣ. ಮೀನುಗಾರಿಕಾ ವಿಜ್ಞಾನದ ಗಣಿತಕ್ಕೆ ಈಗಿನ ರೂಪ ಬಂದದ್ದು 1950ರ ದಶಕದಲ್ಲಿ. 1954ರಲ್ಲಿ ಅಮೆರಿಕದ ಮಿಲ್ನರ್ ಶೇಫರ್, 1957ರಲ್ಲಿ ಇಂಗ್ಲೆಂಡಿನ ರೇಮಂಡ್ ಬೆವರ್ಟನ್ ಮತ್ತು ಸಿಡ್ನಿ ಹೋಲ್ಟ್ ತಮ್ಮ ಮಾದರಿಗಳನ್ನು ಪ್ರಕಟಿಸಿದರು. ಸಮುದ್ರದಲ್ಲಿರುವ ಒಂದು ಜಾತಿಯ ಮೀನುಗಳನ್ನೆಲ್ಲ ಒಂದೇ ದಾಸ್ತಾನು ಎಂದು ಭಾವಿಸುವುದು, ಅದು ಪ್ರತಿ ವರ್ಷ ಎಷ್ಟು ಬೆಳೆಯುತ್ತದೋ ಅಷ್ಟನ್ನೇ ತೆಗೆಯುವುದು, ಇದು ಅವುಗಳ ಸಾರ. ಈ ಭಾವನೆಯೊಳಗೆ ಇನ್ನೊಂದು ಅಡಗಿದೆ: ಒಂದು ಕಡೆ ಮೀನು ಹಿಡಿದರೆ ಉಳಿದ ಮೀನುಗಳು ಚದುರಿ ಆ ಜಾಗವನ್ನು ತುಂಬುತ್ತವೆ. ಪಾತ್ರೆಯಿಂದ ಒಂದು ಸೌಟು ಸಾರು ತೆಗೆದರೆ ಉಳಿದ ಸಾರು ಸಮವಾಗಿ ನಿಲ್ಲುವಂತೆ. ಬಂಗುಡೆ, ಬೂತಾಯಿಗಳ ಮಟ್ಟಿಗೆ ಇದು ಅಷ್ಟೇನೂ ತಪ್ಪಲ್ಲ.

ಆದರೆ ಬಳಚು ತಟ್ಟೆಯಲ್ಲಿಟ್ಟ ಇಡ್ಲಿಯಂತೆ. ತೆಗೆದ ಜಾಗ ಖಾಲಿಯೇ ಉಳಿಯುತ್ತದೆ. ಮರಿಹಂತದಲ್ಲಿ ಒಂದೆರಡು ವಾರ ನೀರಿನಲ್ಲಿ ತೇಲಿ, ತಕ್ಕ ನೆಲ ಸಿಕ್ಕಿದಲ್ಲಿ ಇಳಿದರೆ ಬಾಳೆಲ್ಲ ಹೆಚ್ಚುಕಡಿಮೆ ಅಲ್ಲೇ. ಹೀಗಾಗಿ ಅಳಿವೆಯಲ್ಲಿ ಒಟ್ಟು ಎಷ್ಟು ಟನ್ ಬಳಚು ಇದೆ ಎಂಬ ಅಂಕಿಯಿಂದ ತಿಳಿಯುವುದು ಕಡಿಮೆ. ಯಾವ ಹಾಸಿನಲ್ಲಿ, ಚದರ ಮೀಟರಿಗೆ ಎಷ್ಟು ಎಂಬುದು ಮುಖ್ಯ.

ಇದರಿಂದ ಹುಟ್ಟುವ ಒಂದು ಮೋಸವನ್ನು ಗಮನಿಸಿ. ಮೀನು ಕಡಿಮೆಯಾಗುತ್ತಿದೆಯೇ ಎಂದು ತಿಳಿಯಲು ಎಲ್ಲ ಇಲಾಖೆಗಳೂ ಬಳಸುವ ಸೂಚಕವೆಂದರೆ ಒಂದು ದಿನದ ಶ್ರಮಕ್ಕೆ ಸಿಗುವ ಹಿಡಿತ. ದೋಣಿಯೊಂದಕ್ಕೆ ದಿನಕ್ಕೆ 100 ಕಿಲೋ ಸಿಗುತ್ತಿದ್ದದ್ದು 50 ಕಿಲೋ ಆದರೆ ಅಪಾಯದ ಗಂಟೆ ಬಾರಿಸಬೇಕು. ಚಿಪ್ಪು ಹೆಕ್ಕುವವರು ಏನು ಮಾಡುತ್ತಾರೆ? ಒಂದು ಹಾಸು ಬರಿದಾದ ಕೂಡಲೇ ಪಕ್ಕದ ಹಾಸಿಗೆ ಹೋಗುತ್ತಾರೆ. ಅಲ್ಲಿ ಮತ್ತೆ ಬುಟ್ಟಿ ತುಂಬುತ್ತದೆ. ಹತ್ತು ಹಾಸುಗಳಲ್ಲಿ ಒಂಬತ್ತು ಮುಗಿಯುವವರೆಗೂ ದಿನದ ಹಿಡಿತ ಇಳಿಯುವುದಿಲ್ಲ, ಸರ್ಕಾರಿ ಅಂಕಿ ಅಂಶ ನೆಮ್ಮದಿಯಿಂದಿರುತ್ತದೆ. ಹತ್ತನೆಯದು ಮುಗಿದ ದಿನ ಎಲ್ಲವೂ ಒಮ್ಮೆಗೇ ಕುಸಿಯುತ್ತದೆ. 1990ರ ದಶಕದಿಂದ ಓರೆನ್‌ಸಾಂಜ್, ಜೇಮೀಸನ್ ಮುಂತಾದ ವಿಜ್ಞಾನಿಗಳು ಈ ಬಗೆಯ ಮೀನುಗಾರಿಕೆಗಳಿಗೆ ಪ್ರತ್ಯೇಕ ವರ್ಗವೇ ಬೇಕೆಂದು ವಾದಿಸುತ್ತ ಬಂದಿದ್ದಾರೆ. ಇವು ಸಣ್ಣ ಪ್ರಮಾಣದವು, ನೆಲೆಯೂರಿದ ಜೀವಿಗಳವು, ಜಾಗದಿಂದ ಜಾಗಕ್ಕೆ ಬೇರೆಯಾಗುವಂಥವು ಎಂಬುದು ಅವರು ಕೊಟ್ಟ ಲಕ್ಷಣ.

ಸಾಂದ್ರತೆ ಏಕೆ ಮುಖ್ಯ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಬಿಳಿ ಅಬಲೋನಿಯ ಕಥೆ ಸಾಕು. ಅಬಲೋನಿ ಕಿವಿಯಾಕಾರದ ಒಂಟಿ ಚಿಪ್ಪಿನ ಬಸವನಹುಳು ಜಾತಿಯ ಪ್ರಾಣಿ, ಬಂಡೆಗೆ ಅಂಟಿಕೊಂಡು ಬದುಕುತ್ತದೆ. ಬಿಳಿ ಅಬಲೋನಿ ಇತರ ಅಬಲೋನಿಗಳಿಗಿಂತ ಆಳದ ನೀರಿನದು. ಅದನ್ನು ವಾಣಿಜ್ಯಕ್ಕಾಗಿ ತೆಗೆಯತೊಡಗಿದ್ದು 1960ರ ದಶಕದ ಕೊನೆಗೆ. ಹಿಡಿತ 1972ರಲ್ಲಿ ಶಿಖರ ಮುಟ್ಟಿತು. ದಶಕ ಮುಗಿಯುವ ಹೊತ್ತಿಗೆ ಮೀನುಗಾರಿಕೆಯೇ ಮುಗಿದಿತ್ತು. ಹಾಗೆಂದು ಅಲ್ಲಿ ನಿಯಮ ಇರಲಿಲ್ಲವೆಂದಲ್ಲ. ಕನಿಷ್ಠ ಗಾತ್ರದ ಮಿತಿ ಇತ್ತು. ಒಂದು ಅಬಲೋನಿ ಕೆಲವಾರು ಸಲ ಮೊಟ್ಟೆ ಬಿಟ್ಟ ಮೇಲಷ್ಟೇ ಅದನ್ನು ತೆಗೆಯಬಹುದಾದ ಗಾತ್ರಕ್ಕೆ ಬರುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅಬಲೋನಿಗಳಲ್ಲಿ ಗಂಡು ಹೆಣ್ಣುಗಳು ರೇತಸ್ಸನ್ನೂ ಅಂಡಗಳನ್ನೂ ನೀರಿಗೆ ಬಿಡುತ್ತವೆ, ಫಲೀಕರಣ ಹೊರಗೆ ನೀರಿನಲ್ಲಿ ನಡೆಯಬೇಕು. ಜೋಡಿ ಬಹಳ ಹತ್ತಿರದಲ್ಲಿಲ್ಲದಿದ್ದರೆ ಎರಡೂ ಕಡಲ ಪಾಲು. ದೊಡ್ಡವನ್ನೆಲ್ಲ ತೆಗೆದ ಮೇಲೆ ಅಲ್ಲೊಂದು ಇಲ್ಲೊಂದು ಉಳಿದವು ಬದುಕಿದ್ದವು, ಮೊಟ್ಟೆಯನ್ನೂ ಬಿಡುತ್ತಿದ್ದವು, ಮರಿ ಮಾತ್ರ ಆಗಲಿಲ್ಲ. 1996ರಲ್ಲಿ ಇದರ ಮೀನುಗಾರಿಕೆಯನ್ನು ನಿಲ್ಲಿಸಲಾಯಿತು. ಆದರೂ ಚೇತರಿಕೆ ಕಾಣಲಿಲ್ಲ. 2001ರಲ್ಲಿ ಅಮೆರಿಕದ ವಿನಾಶದಂಚಿನ ಜೀವಿಗಳ ಪಟ್ಟಿಗೆ ಸೇರಿದ ಮೊದಲ ಕಡಲ ಅಕಶೇರುಕ ಎಂಬ ಹೆಸರು ಅದಕ್ಕೆ ಬಂತು. ಪ್ರಯೋಗಾಲಯದಲ್ಲಿ ಬೆಳೆಸಿದ ಮರಿಗಳನ್ನು 2019ರಿಂದ ಸಮುದ್ರಕ್ಕೆ ಬಿಡಲಾಗುತ್ತಿದೆ. ಹತ್ತು ವರ್ಷದ ವ್ಯಾಪಾರಕ್ಕೆ ಐವತ್ತು ವರ್ಷದ ಶುಶ್ರೂಷೆ!

ಇನ್ನು ನಮ್ಮ ದೇಶಕ್ಕೆ ಬರೋಣ. ಚಿಪ್ಪುಜೀವಿಗಳ ನಿರ್ವಹಣೆಯಲ್ಲಿ ಭಾರತ ಹೆಮ್ಮೆಯಿಂದ ತೋರಿಸುವ ಉದಾಹರಣೆ ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರು. ಕಲ್ಲಡ ನದಿ ಸೇರುವ, ನೀಂಡಕರದಲ್ಲಿ ಸಮುದ್ರಕ್ಕೆ ತೆರೆದುಕೊಳ್ಳುವ ಈ ಸರೋವರದಲ್ಲಿ ಹಳದಿ ಪಾದದ ಚಿಪ್ಪು ಹೇರಳವಾಗಿತ್ತು. ಅದರ ವೈಜ್ಞಾನಿಕ ಹೆಸರು ಪಾಫಿಯಾ ಮಲಬಾರಿಕಾ, ಈಚಿನ ವರ್ಗೀಕರಣದಲ್ಲಿ ಮಾರ್ಸಿಯಾ ರೆಸೆನ್ಸ್. ಅಘನಾಶಿನಿಯಲ್ಲಿ ಸಿಗುವ ಚಿಪ್ಪುಗಳಲ್ಲಿ ಇದೂ ಒಂದು ಎಂಬುದನ್ನು ನೆನಪಿನಲ್ಲಿಡಿ. 1980ರ ದಶಕದಲ್ಲಿ ಇದರ ಹೆಪ್ಪುಗಟ್ಟಿಸಿದ ಮಾಂಸಕ್ಕೆ ಹೊರದೇಶಗಳಲ್ಲಿ ಗಿರಾಕಿ ಸಿಕ್ಕಿತು. ಅಲ್ಲಿಯವರೆಗೆ ಊರಿನ ಊಟಕ್ಕೂ ಸುಣ್ಣದ ಗೂಡಿಗೂ ಹೋಗುತ್ತಿದ್ದ ಚಿಪ್ಪು ರಫ್ತಿನ ಸರಕಾಯಿತು. 1990ರ ದಶಕದ ಆರಂಭದಲ್ಲಿ ವಾರ್ಷಿಕ ಹಿಡಿತ ಸುಮಾರು 10,000 ಟನ್ ಮುಟ್ಟಿ, 1993ರಲ್ಲಿ ಅರ್ಧಕ್ಕೆ ಇಳಿಯಿತು.

ಆಗ ನಡೆದದ್ದು ನಿಜಕ್ಕೂ ಮೆಚ್ಚತಕ್ಕದ್ದು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಲಹೆ ಕೊಟ್ಟರು, ಜಿಲ್ಲಾಡಳಿತ ಅದನ್ನು ಜಾರಿಗೆ ತಂದಿತು, ಚಿಪ್ಪು ತೆಗೆಯುವವರು ಒಪ್ಪಿಕೊಂಡರು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಚಿಪ್ಪು ತೆಗೆಯುವಂತಿಲ್ಲ. ಕೈಯಿಂದ ಎಳೆಯುವ ಗೋರುಬಲೆಯ ಕಣ್ಣು 30 ಮಿಲಿಮೀಟರಿಗಿಂತ ಸಣ್ಣದಿರಬಾರದು. ಒಂದು ಕಿಲೋ ಮಾಂಸದಲ್ಲಿ 1,400ಕ್ಕಿಂತ ಹೆಚ್ಚು ಚಿಪ್ಪುಗಳಿದ್ದರೆ ಅದನ್ನು ರಫ್ತು ಮಾಡುವಂತಿಲ್ಲ. ನಿಷೇಧದ ತಿಂಗಳುಗಳನ್ನು ಗಮನಿಸಿದಿರಾ? ಮಳೆಗಾಲದ ಸಿಹಿನೀರು ಇಳಿದು ಹಿನ್ನೀರು ಮತ್ತೆ ಉಪ್ಪಾಗುವ ಕಾಲವದು, ಚಿಪ್ಪು ಮರಿ ಮಾಡುವುದು ಆಗಲೇ. ಜೂನ್-ಜುಲೈಯ ನಿಷೇಧವನ್ನು ಇಲ್ಲಿಗೆ ಎಳೆದು ತಂದಿದ್ದರೆ ಅದರಿಂದ ಚಿಪ್ಪಿಗೆ ಏನೂ ಲಾಭವಾಗುತ್ತಿರಲಿಲ್ಲ. ಮೂರನೆಯ ನಿಯಮವಂತೂ ಜಾಣತನದ್ದು. ನೀರಿನಲ್ಲಿ ನಿಂತ ಸಾವಿರಾರು ಜನರ ಹಿಂದೆ ಓಡುವ ಬದಲು ಬೆರಳೆಣಿಕೆಯ ಸಂಸ್ಕರಣಾ ಘಟಕಗಳ ತಕ್ಕಡಿಯನ್ನು ಕಾದರೆ ಸಾಕು. ಎಣಿಸುವುದಕ್ಕೆ ವಿಜ್ಞಾನಿ ಬೇಕಿಲ್ಲ, ಸಣ್ಣ ಚಿಪ್ಪಿಗೆ ಬೆಲೆಯೇ ಇಲ್ಲವೆಂದಾದಾಗ ಅದನ್ನು ಯಾರೂ ಹೆಕ್ಕುವುದಿಲ್ಲ.

ಹಿಡಿತ ಚೇತರಿಸಿತು. ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಮೀನುಗಾರರನ್ನೂ ಒಳಗೊಂಡ ಆಡಳಿತ ಮಂಡಳಿಯೊಂದು ರಚನೆಯಾಯಿತು. 2014ರ ನವೆಂಬರಿನಲ್ಲಿ ಲಂಡನ್ ಮೂಲದ ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಅಷ್ಟಮುಡಿಯ ಚಿಪ್ಪಿಗೆ ಸುಸ್ಥಿರ ಮೀನುಗಾರಿಕೆಯ ಪ್ರಮಾಣಪತ್ರ ಕೊಟ್ಟಿತು. ಭಾರತದ ಯಾವುದೇ ಮೀನುಗಾರಿಕೆಗೆ ಸಿಕ್ಕ ಮೊದಲ ಪ್ರಮಾಣಪತ್ರವದು. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಭಾಷಣಗಳಲ್ಲಿ ಪ್ರಸ್ತಾಪವಾಯಿತು. ಇಂದಿಗೂ ಎಷ್ಟೋ ಲೇಖನಗಳು ಅಷ್ಟಮುಡಿಯ ಕಥೆಯನ್ನು ಇಲ್ಲಿಗೇ ಮುಗಿಸುತ್ತವೆ. ನನ್ನ ತಕರಾರು ಇರುವುದು ಅಲ್ಲಿ.

ಮುಂದೆ ಏನಾಯಿತು? 2019ರಲ್ಲಿ ಪ್ರಕಟವಾದ ಸಂಶೋಧನಾ ವರದಿಯೊಂದು ಅಷ್ಟಮುಡಿಯಲ್ಲಿ ಹೊಸ ಜೀವಿಯೊಂದನ್ನು ಗುರುತಿಸಿತು. ಅದು ಚಾರು ಎಂಬ ಕರಿ ನೀಲಿಕಲ್ಲು, ವೈಜ್ಞಾನಿಕ ಹೆಸರು ಮೈಟೆಲ್ಲಾ ಸ್ಟ್ರೈಗಾಟಾ. ತವರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕರಾವಳಿ. ಹಡಗಿನ ತಳಕ್ಕೆ ಅಂಟಿಕೊಂಡೋ ಹಡಗು ತುಂಬಿಕೊಳ್ಳುವ ನಿಲುಭಾರದ ನೀರಿನಲ್ಲೋ ಇಂಥವು ಖಂಡ ದಾಟುತ್ತವೆ. ಇದು ಉಪ್ಪಿನ ಏರುಪೇರನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ನೂಲಿನಂಥ ಎಳೆಗಳಿಂದ ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತೆ ಹರಡುತ್ತದೆ. ಕೆಳಗಿನ ಮರಳಿನಲ್ಲಿ ಹುದುಗಿರುವ ಬಳಚಿಗೆ ಉಸಿರಾಟಕ್ಕೂ ಆಹಾರಕ್ಕೂ ಬೇಕಾದ ನೀರಿನ ಸಂಪರ್ಕ ತಪ್ಪುತ್ತದೆ. ನೀರಿನ ಗುಣದಲ್ಲಿ ಆದ ಬದಲಾವಣೆಗಳೂ ಸೇರಿ ಹಳದಿ ಪಾದದ ಚಿಪ್ಪಿನ ಹಿಡಿತ ಹಿಂದಿನದರ ಸಣ್ಣದೊಂದು ಪಾಲಿಗೆ ಕುಸಿಯಿತು. 2020ರ ದಶಕದಲ್ಲಿ ಅದೇ ಸಂಶೋಧನಾ ಸಂಸ್ಥೆ ವಿಳಿಞ್ಞಂ ಕೇಂದ್ರದ ಮರಿಕೇಂದ್ರದಲ್ಲಿ ಚಿಪ್ಪಿನ ಮರಿ ಬೆಳೆಸಿ ಸರೋವರಕ್ಕೆ ಬಿಡುವ ಕೆಲಸಕ್ಕೆ ಇಳಿಯಬೇಕಾಯಿತು.

ಇಲ್ಲಿ ನಿಯಮ ಮುರಿದವರು ಯಾರು? ಮೂರು ತಿಂಗಳು ಬಿಡುವು ಕೊಟ್ಟವರು, ಬಲೆಯ ಕಣ್ಣು ದೊಡ್ಡದು ಮಾಡಿಕೊಂಡವರು, ಸಣ್ಣ ಚಿಪ್ಪನ್ನು ಬಿಟ್ಟವರು ಮೀನುಗಾರರು. ಆದರೆ ಸರೋವರಕ್ಕೆ ಆಗಂತುಕ ಜೀವಿ ಬರದಂತೆ ತಡೆಯುವುದು, ನದಿಯಲ್ಲಿ ಬರುವ ಸಿಹಿನೀರಿನ ಪ್ರಮಾಣ, ದಂಡೆಯ ಕೊಳಚೆ, ಯಾವುದೂ ಅವರ ಕೈಯಲ್ಲಿರಲಿಲ್ಲ. ಪ್ರಮಾಣಪತ್ರದ ಪರೀಕ್ಷೆಯಲ್ಲಿ ಮೂರು ವಿಷಯಗಳನ್ನು ನೋಡುತ್ತಾರೆ: ದಾಸ್ತಾನು ಹೇಗಿದೆ, ಮೀನುಗಾರಿಕೆಯಿಂದ ಪರಿಸರಕ್ಕೆ ಏನಾಗುತ್ತಿದೆ, ಆಡಳಿತ ಹೇಗಿದೆ. ಎರಡನೆಯದನ್ನು ಇನ್ನೊಮ್ಮೆ ಓದಿ. ಮೀನುಗಾರಿಕೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂಬುದಕ್ಕೆ ಅಂಕ ಕೊಡುತ್ತಾರೆ. ಪರಿಸರದಿಂದ ಮೀನುಗಾರಿಕೆಗೆ ಏನಾಗುತ್ತದೆ ಎಂಬುದು ಆ ಪ್ರಶ್ನೆಪತ್ರಿಕೆಯಲ್ಲಿ ಪ್ರಧಾನವಲ್ಲ. ನೆಲೆಬಿಟ್ಟು ಓಡಲಾರದ ಜೀವಿಗೆ ಇವೆರಡರಲ್ಲಿ ಯಾವುದು ದೊಡ್ಡದೆಂದು ನೀವೇ ಯೋಚಿಸಿ. ಬೂತಾಯಿ ನೀರು ಕೆಟ್ಟರೆ ಬೇರೆಡೆ ಹೋಗುತ್ತದೆ. ಚಿಪ್ಪಿಗೆ ಬಾಗಿಲು ಮುಚ್ಚಿಕೊಂಡು ಕಾಯುವುದೊಂದೇ ದಾರಿ, ಅದೂ ಕೆಲವು ದಿನ ಮಾತ್ರ.

ಮನ್ನಾರ್ ಕೊಲ್ಲಿಯ ಮುತ್ತಿನ ಸಿಂಪಿಗಳ ಕಥೆಯೂ ಇದೇ ಪಾಠವನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಅಲ್ಲಿ ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳು ಹಾಸುಗಳನ್ನು ಮುಳುಗುಗಾರರಿಂದ ಪರೀಕ್ಷಿಸಿ, ಸಿಂಪಿ ಬಲಿತಿದೆಯೆಂದು ಖಚಿತವಾದ ವರ್ಷ ಮಾತ್ರ ಮುತ್ತು ತೆಗೆಯಲು ಅಪ್ಪಣೆ ಕೊಡುತ್ತಿದ್ದರು. ಹಾಸು ಹಾಸಿಗೂ ಬೇರೆ ಲೆಕ್ಕ. ಈಗಿನ ಅನೇಕ ನಿಯಮಗಳಿಗಿಂತ ಅದು ಎಷ್ಟೋ ವಿವೇಕದ ಕ್ರಮ. ಆದರೂ ವರ್ಷಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ ಹಾಸುಗಳು ಖಾಲಿ ಬೀಳುತ್ತಿದ್ದವು. ಭಾರತದ ಕಡೆ ಮುತ್ತಿನ ಕೊನೆಯ ಮೀನುಗಾರಿಕೆ ನಡೆದದ್ದು 1961ರಲ್ಲಿ.

ಕೈಗೆಟುಕದ ಸಮಸ್ಯೆಗೆ ಸರ್ಕಾರಗಳು ಹೂಡುವ ಇನ್ನೊಂದು ಅಸ್ತ್ರ ಪೂರ್ಣ ನಿಷೇಧ. ಇದೇ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಯ ಕಡಲ ಸೌತೆಯ ವಿಷಯದಲ್ಲಿ ಆದದ್ದು ಅದು. ನಕ್ಷತ್ರಮೀನಿನ ನೆಂಟನಾದ, ಸೌತೆಕಾಯಿಯಂತೆ ಕಾಣುವ ಈ ಜೀವಿಯನ್ನು ಬೇಯಿಸಿ ಒಣಗಿಸಿ ಚೀನಾ ಮತ್ತು ಆಗ್ನೇಯ ಏಷ್ಯಾಕ್ಕೆ ಕಳಿಸುವ ವ್ಯಾಪಾರ ಬಹಳ ಹಳೆಯದು. 1982ರಲ್ಲಿ ಕೇಂದ್ರ ಸರ್ಕಾರ 3 ಅಂಗುಲಕ್ಕಿಂತ ಸಣ್ಣ ಒಣ ಸರಕಿನ ರಫ್ತನ್ನು ನಿಷೇಧಿಸಿತು. 2001ರಲ್ಲಿ ಎಲ್ಲ ಜಾತಿಯ ಕಡಲ ಸೌತೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆ ಈಗ ಕಡಲ ಸೌತೆಗೂ ಸಿಕ್ಕಿತು! ಹೇರಳವಾಗಿರುವ ಜಾತಿ ಯಾವುದು, ಅಪರೂಪದ್ದು ಯಾವುದು ಎಂಬ ವಿಂಗಡಣೆ ಅದರಲ್ಲಿರಲಿಲ್ಲ.

ಅಪಾಯ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಕಡಲ ಸೌತೆಯೂ ಅಬಲೋನಿಯಂತೆ ನೀರಿನಲ್ಲಿ ಫಲೀಕರಣವಾಗುವ, ನಿಧಾನವಾಗಿ ತೆವಳುವ ಜೀವಿ. ವ್ಯಾಪಾರ ಅದನ್ನು ಒಂದು ಕರಾವಳಿಯಿಂದ ಇನ್ನೊಂದಕ್ಕೆ ಬೆನ್ನಟ್ಟಿದ ಉದಾಹರಣೆಗಳು ಜಗತ್ತಿನೆಲ್ಲೆಡೆ ಇವೆ. ಆದರೆ ಪೂರ್ಣ ನಿಷೇಧದಿಂದ ಎರಡು ನಷ್ಟಗಳಾದವು. ಮೊದಲನೆಯದಾಗಿ, ಕಾನೂನುಬದ್ಧ ಹಿಡಿತ ನಿಂತ ದಿನವೇ ಅಂಕಿ ಅಂಶವೂ ನಿಂತಿತು. ಎಷ್ಟು ತೆಗೆಯಲಾಗುತ್ತಿದೆ ಎಂಬುದಕ್ಕೆ ಈಗ ಉಳಿದಿರುವ ಸುಳಿವು ಪೊಲೀಸರು, ಅರಣ್ಯಾಧಿಕಾರಿಗಳು ವಶಪಡಿಸಿಕೊಂಡ ಮೂಟೆಗಳ ತೂಕ ಮಾತ್ರ. ಸಂಧಿಯ ಆಚೆ ದಡದ ಶ್ರೀಲಂಕಾದಲ್ಲಿ ಪರವಾನಗಿ ಪಡೆದು ಕಡಲ ಸೌತೆ ಹಿಡಿಯಬಹುದು, ಹಾಗಾಗಿ ಈಚೆಯ ಸರಕು ಆಚೆ ದಾಟಿದರೆ ಅಲ್ಲಿ ಅದು ಸಾಚಾ ಮಾಲು. ಎರಡನೆಯದು ವಿಜ್ಞಾನಕ್ಕೆ ಆದ ನಷ್ಟ. 1988ರಲ್ಲಿ ತೂತ್ತುಕುಡಿಯಲ್ಲಿ ನಮ್ಮ ವಿಜ್ಞಾನಿಗಳು ಮರಳು ಸೌತೆಯ ಮರಿಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಜಗತ್ತಿನಲ್ಲಿ ಆ ಜಾತಿಯ ಮಟ್ಟಿಗೆ ಅದೇ ಮೊದಲು. ಆ ತಂತ್ರವನ್ನು ಮುಂದೆ ಬೇರೆ ದೇಶಗಳು ಕೃಷಿಗೆ ಬಳಸಿದವು. ನಮ್ಮಲ್ಲಿ ಮರಿ ಬಿಟ್ಟು, ಬೆಳೆಸಿ, ಹಿಡಿದು ಮಾರುವ ದಾರಿಗೆ ಕಾನೂನೇ ಅಡ್ಡ ನಿಂತಿತು.

ಮಿತಿಯನ್ನು ತಪ್ಪು ಜಾಗದಲ್ಲಿ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಲಾಬ್‌ಸ್ಟರ್ ಉದಾಹರಣೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮುಂಬಯಿ ಕರಾವಳಿಯ ಮರಳು ಲಾಬ್‌ಸ್ಟರ್ ಮೀನುಗಾರಿಕೆ ಟ್ರಾಲ್ ಬಲೆಗಳ ಹೊಡೆತಕ್ಕೆ 1994ರ ಹೊತ್ತಿಗೆ ಪೂರ್ತಿ ಕುಸಿದಿತ್ತು. 2003ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ರಫ್ತಾಗುವ ಲಾಬ್‌ಸ್ಟರಿಗೆ ಕನಿಷ್ಠ ತೂಕ ಗೊತ್ತುಮಾಡಿತು. ಜಾತಿಗನುಗುಣವಾಗಿ 150, 200, 300, 500 ಗ್ರಾಂ. ಅಷ್ಟಮುಡಿಯ ತಕ್ಕಡಿ ಕೆಲಸ ಮಾಡಿದ ಹಾಗೆ ಇದು ಏಕೆ ಮಾಡದು ಎಂದು ನೀವು ಕೇಳಬಹುದು. ಬಳಚು ಹೆಕ್ಕುವವರು ಸಣ್ಣದನ್ನು ಬಿಟ್ಟರೆ ಅದು ಬದುಕುತ್ತದೆ. ಟ್ರಾಲ್ ಬಲೆಯಲ್ಲಿ ಗಂಟೆಗಟ್ಟಲೆ ಎಳೆಸಿಕೊಂಡು ಬಂದ ಮರಿ ಲಾಬ್‌ಸ್ಟರ್ ರಫ್ತಾಗದಿದ್ದರೆ ಊರಿನ ಮಾರುಕಟ್ಟೆಗೆ ಹೋಗುತ್ತದೆ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಲಾಬ್‌ಸ್ಟರನ್ನು ಬೋನಿನಲ್ಲಿ ಜೀವಂತ ಹಿಡಿಯುತ್ತಾರೆ. ತೀರಾ ಸಣ್ಣದನ್ನೂ ತೀರಾ ದೊಡ್ಡದನ್ನೂ ವಾಪಸು ಬಿಡಬೇಕು, ಮೊಟ್ಟೆ ಹೊತ್ತ ಹೆಣ್ಣಿನ ಬಾಲದಂಚಿಗೆ ಕಚ್ಚು ಹಾಕಿ ಬಿಡಬೇಕು. ಆ ಕಚ್ಚು ಇರುವ ಹೆಣ್ಣು ಮುಂದೆ ಯಾರ ಬೋನಿಗೆ ಬಿದ್ದರೂ ಮಾರುವಂತಿಲ್ಲ. ಬಿಟ್ಟದ್ದು ಬದುಕುವ ಬಗೆಯ ಹಿಡಿತವಿದ್ದಲ್ಲಿ ಮಾತ್ರ ಗಾತ್ರದ ನಿಯಮಕ್ಕೆ ಅರ್ಥ.

ಬೊಂಡಾಸ್ ಜಾತಿಯದು ಇನ್ನೊಂದೇ ತೊಡಕು, ಮತ್ತು ಇದು ನಮ್ಮದೇ ಕಡಲಿನದು. ಕಪ್ಪೆ ಬೊಂಡಾಸ್ ಮೊಟ್ಟೆಯಿಡಲು ಆಸರೆ ಹುಡುಕುತ್ತದೆ, ಕರಿದ್ರಾಕ್ಷಿ ಗೊಂಚಲಿನಂತೆ ಅದಕ್ಕೆ ಮೊಟ್ಟೆಗಳನ್ನು ಅಂಟಿಸುತ್ತದೆ. ಇದನ್ನು ಬಲ್ಲ ಮೀನುಗಾರರು ತೆಂಗಿನ ಹೊಂಬಾಳೆಯ ಕಡ್ಡಿಗಳನ್ನು ಕಟ್ಟು ಕಟ್ಟಿ, ಮರಳಿನ ಚೀಲದ ಭಾರ ಹಾಕಿ ಕರ್ನಾಟಕದ ಕಡಲಿನಲ್ಲಿ ಇಳಿಬಿಟ್ಟರು. ಮೊಟ್ಟೆಯಿಡಲು ಬಂದ ದೊಡ್ಡ ಬೊಂಡಾಸ್‌ಗಳನ್ನು ಗಾಳದಿಂದ ಎತ್ತಿದರು. ಟ್ರಾಲರಿನವರಿಗೂ ಇವರಿಗೂ ಜಗಳವಾಯಿತು. ಮಳೆಗಾಲದ ನಿಷೇಧ ಮುಗಿದ ಮೇಲಿನ ತಿಂಗಳುಗಳಲ್ಲಿ ನಡೆಯುವ ಈ ಹಿಡಿತವನ್ನು 61 ದಿನಗಳ ಕಾನೂನು ಕಾಣಲಾರದು. ವರ್ಷದ ಆಸುಪಾಸು ಮಾತ್ರ ಬದುಕಿ, ಮೊಟ್ಟೆಯಿಟ್ಟು ಸಾಯುವ ಪ್ರಾಣಿಯನ್ನು ಮೊಟ್ಟೆಯಿಡುವ ಮುನ್ನ ಹಿಡಿದರೆ ಮುಂದಿನ ವರ್ಷದ ಬೆಳೆಯನ್ನೇ ಕೊಯ್ದಂತೆ. ಕಡ್ಡಿಗೆ ಅಂಟಿದ ಮೊಟ್ಟೆಗಳನ್ನು ಮರಿಯಾಗುವವರೆಗೆ ನೀರಿನಲ್ಲೇ ಬಿಟ್ಟರೆ ಅದೇ ಉಪಕರಣ ಮರಿಕೇಂದ್ರವೂ ಆದೀತು. ಈ ಬಗ್ಗೆ ನಿಯಮ ಮಾಡುವವರು ಬರೀ ಜಗಳ ಬಿಡಿಸುವ ದೃಷ್ಟಿಯಿಂದ ನೋಡಿದ್ದಾರೆಂದು ನನ್ನ ಅನಿಸಿಕೆ.

ಹಾಗಾದರೆ ಸರಿಯಾದ ದಾರಿ ಎಲ್ಲಾದರೂ ಇದೆಯೇ? ಪೂರ್ಣವಾದದ್ದಲ್ಲದಿದ್ದರೂ ಚಿಲಿ ದೇಶದ್ದು ನೋಡತಕ್ಕದ್ದು. ಅಲ್ಲಿ ಲೊಕೊ ಎಂಬ ದೊಡ್ಡ ಬಸವನ ಜಾತಿಯ ಚಿಪ್ಪುಪ್ರಾಣಿಗೆ ರಫ್ತಿನ ಬೇಡಿಕೆ ಬಂದು ಕುಸಿತವಾಯಿತು, 1989ರಿಂದ 1992ರವರೆಗೆ ಮೀನುಗಾರಿಕೆಯನ್ನೇ ಮುಚ್ಚಬೇಕಾಯಿತು. ಅಷ್ಟರಲ್ಲಿ ಹುವಾನ್ ಕಾರ್ಲೋಸ್ ಕಾಸ್ಟಿಯಾ ಮತ್ತು ಸಂಗಡಿಗರು ಲಾಸ್ ಕ್ರೂಸೆಸ್‌ನ ತಮ್ಮ ಸಂಶೋಧನಾ ಕೇಂದ್ರದ ಮುಂದಿನ ಕಿರಿದಾದ ದಡವೊಂದನ್ನು 1982ರಿಂದ ಬೇಲಿ ಹಾಕಿ ಕಾಯುತ್ತಿದ್ದರು. ಮನುಷ್ಯ ಕೈಯಿಡದ ಆ ತುಂಡಿನಲ್ಲಿ ಲೊಕೊ ಸಂಖ್ಯೆಯಲ್ಲೂ ಗಾತ್ರದಲ್ಲೂ ಹೆಚ್ಚಿತು. ಚಿಕ್ಕ ಜಾಗವನ್ನು ಕಾದರೂ ಫಲವಿದೆ ಎಂಬುದಕ್ಕೆ ಮೀನುಗಾರರೇ ಕಣ್ಣಾರೆ ಕಾಣಬಹುದಾದ ಪುರಾವೆ ಅದು. 1991ರ ಕಾನೂನು ದಡದ ಊರಿನ ಮೀನುಗಾರರ ಸಂಘಕ್ಕೆ ನಿರ್ದಿಷ್ಟ ಕಡಲತಳದ ತುಂಡೊಂದರ ಹಕ್ಕು ಕೊಡುವ ವ್ಯವಸ್ಥೆ ಮಾಡಿತು. ಸಂಘ ಮೊದಲು ತನ್ನ ತುಂಡಿನಲ್ಲಿ ಎಷ್ಟಿದೆ ಎಂದು ಎಣಿಸಬೇಕು, ಯೋಜನೆ ಒಪ್ಪಿಸಬೇಕು, ಆ ಮೇಲೆ ವರ್ಷದ ಪಾಲು. ಬೇರೆಯವರು ಅಲ್ಲಿ ಇಳಿಯುವಂತಿಲ್ಲ. ಇದರಲ್ಲೂ ದೋಷಗಳಿವೆ. ರಾತ್ರಿ ಕಳ್ಳತನ ಕಾಯುವ ಖರ್ಚು ಸಂಘದ ತಲೆಯ ಮೇಲೆ ಬಿತ್ತು, ಹಕ್ಕಿನ ತುಂಡುಗಳ ನಡುವಿನ ಮುಕ್ತ ಜಾಗಗಳು ಬರಿದಾದವು. ಆದರೂ ಲೆಕ್ಕದ ಘಟಕ ಇಲ್ಲಿ ಟನ್ನಿನಿಂದ ನೆಲಕ್ಕೆ ಬದಲಾದದ್ದನ್ನು ಗಮನಿಸಿ. ಎಣಿಸುವವರೂ ಹಿಡಿಯುವವರೂ ಅದೇ ಊರಿನವರು.

ಈಗ ಮತ್ತೆ ಅಘನಾಶಿನಿ. ಶಿರಸಿಯ ಬಳಿ ಹುಟ್ಟಿ ಒಂದು ಅಣೆಕಟ್ಟಿಗೂ ಸಿಗದೆ ಕಡಲು ಸೇರುವ ನದಿ ಇದು. ಸಿಹಿನೀರು ಉಪ್ಪುನೀರುಗಳ ಏರಿಳಿತ ಇಲ್ಲಿ ಇನ್ನೂ ಮಳೆಯ ತಾಳಕ್ಕೆ ನಡೆಯುತ್ತದೆ, ಬಳಚಿನ ಸಮೃದ್ಧಿಗೆ ಇದು ದೊಡ್ಡ ಕಾರಣ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಕೊಟ್ಟ ವರದಿಯ ಪ್ರಕಾರ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳು ಹೊರಬರುತ್ತಿದ್ದವು, ಆಗಿನ ಬೆಲೆಯಲ್ಲಿ ಸುಮಾರು 5.8 ಕೋಟಿ ರೂಪಾಯಿ. ಅಷ್ಟಮುಡಿಯ ಶಿಖರದ ವರ್ಷದ ಎರಡು ಪಟ್ಟಿಗಿಂತ ಹೆಚ್ಚು! ಅಲ್ಲಿಗೆ ಪ್ರಮಾಣಪತ್ರ ಬಂತು, ಆಡಳಿತ ಮಂಡಳಿ ಬಂತು. ಇಲ್ಲಿ ಹೆಕ್ಕುವ ಹೆಂಗಸರ ಹೆಸರೂ ಯಾವ ಪರವಾನಗಿಯ ಪಟ್ಟಿಯಲ್ಲಿಲ್ಲ. 2000ರ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಈ ವರದಿಯಂಥ ಲೆಕ್ಕಗಳು ವಿರೋಧಕ್ಕೆ ಬಲ ಕೊಟ್ಟವು, ಯೋಜನೆ ಕೈಬಿಟ್ಟಿತು. ಬಂದರಿನ ಪ್ರಸ್ತಾಪ ಅದರ ನಂತರವೂ ಬಂತು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರನ್ನು ರಾಮ್ಸರ್ ಜೌಗುಪ್ರದೇಶವೆಂದು ಘೋಷಿಸಲಾಯಿತು. ಸಂತೋಷದ ಸಂಗತಿ. ಆದರೆ ಅಷ್ಟಮುಡಿಯೂ 2002ರಿಂದ ರಾಮ್ಸರ್ ತಾಣವೇ ಆಗಿತ್ತು, ಚಾರು ನೀಲಿಕಲ್ಲನ್ನು ಆ ಪಟ್ಟಿ ತಡೆಯಲಿಲ್ಲ. ರಾಮ್ಸರ್ ತಾಣಕ್ಕೆ ನಿರ್ವಹಣಾ ಯೋಜನೆ ಬರೆಯುವಾಗ ಬಳಚಿನ ವಿಷಯದಲ್ಲಿ ಎರಡು ಸುಲಭದ ತಪ್ಪುಗಳಿಗೆ ಅವಕಾಶವಿದೆ. ಸಂರಕ್ಷಣೆಯ ಹೆಸರಿನಲ್ಲಿ ಹೆಕ್ಕುವುದನ್ನೇ ನಿಲ್ಲಿಸುವುದು ಒಂದು. ಹಾಗಾದರೆ ಹಾಸುಗಳನ್ನು ದಿನವೂ ನೋಡುವ ಸಾವಿರಾರು ಕಣ್ಣುಗಳು ಹೊರಗೆ ಹೋಗುತ್ತವೆ, ಮರಳು ತೆಗೆಯುವವರು ರಾತ್ರಿ ಬಂದರೆ ಹೇಳುವವರಿರುವುದಿಲ್ಲ. ಅಷ್ಟಮುಡಿಯ ಮೂರು ನಿಯಮಗಳನ್ನು ಯಥಾವತ್ತಾಗಿ ನಕಲು ಮಾಡುವುದು ಇನ್ನೊಂದು. ಅಲ್ಲಿ ಒಂದೇ ಜಾತಿ, ರಫ್ತಿನ ಒಂದೇ ಬಾಗಿಲು. ಇಲ್ಲಿ ಹಲವು ಜಾತಿಗಳು, ಪ್ರತಿಯೊಂದಕ್ಕೂ ಬೇರೆ ಉಪ್ಪಿನ ರುಚಿ, ಬೇರೆ ನೆಲೆ. ಮಾಲು ಹೋಗುವುದು ಸುತ್ತಲ ಸಂತೆಗಳಿಗೆ, ಗೋವಾದವರೆಗಿನ ಮೀನುಪೇಟೆಗಳಿಗೆ. ತಕ್ಕಡಿ ಇಡಲು ಒಂದು ಬಾಗಿಲಿಲ್ಲ.

ಇಲ್ಲಿ ಕೆಲಸ ಶುರುವಾಗಬೇಕಾದದ್ದು ಎಣಿಕೆಯಿಂದ. ಅದಕ್ಕೆ ದೊಡ್ಡ ಹಡಗು ಬೇಕಿಲ್ಲ. ಅರ್ಧ ಮೀಟರ್ ಬದಿಯ ಕಬ್ಬಿಣದ ಚೌಕಟ್ಟು, ಜರಡಿ, ಅಳತೆಪಟ್ಟಿ, ಉಪ್ಪಿನಂಶ ಅಳೆಯುವ ಸಣ್ಣ ಉಪಕರಣ ಸಾಕು. ಊರೂರಿನ ಹಾಸುಗಳಿಗೆ ಹೆಕ್ಕುವವರು ಇಟ್ಟ ಹೆಸರುಗಳಿವೆ, ನಕ್ಷೆ ಬರೆಯುವಾಗ ಅವನ್ನೇ ಬಳಸಬಹುದು. ತಿಂಗಳಿಗೊಮ್ಮೆ ದೊಡ್ಡ ಇಳಿತದ ದಿನ ಪ್ರತಿ ಹಾಸಿನಲ್ಲೂ ಚದರ ಮೀಟರಿಗೆ ಎಷ್ಟು, ಯಾವ ಜಾತಿ, ಯಾವ ಗಾತ್ರ ಎಂದು ಬರೆದಿಟ್ಟರೆ ಎರಡು ವರ್ಷದಲ್ಲಿ ಯಾವುದು ಯಾವಾಗ ಮರಿ ಮಾಡುತ್ತದೆಂದು ತಿಳಿಯುತ್ತದೆ. ಯಾವ ಹಾಸನ್ನು ಎಷ್ಟು ತಿಂಗಳು ಬಿಡಬೇಕೆಂದು ಆಗ ಊರವರೇ ಕುಳಿತು ಮಾತಾಡಬಹುದು. ಚಾರು ನೀಲಿಕಲ್ಲು ಬಂದರೆ ಮೊದಲ ಗೊಂಚಲು ಕಂಡ ದಿನವೇ ಗೊತ್ತಾಗುತ್ತದೆ, ಕಿತ್ತು ದಡಕ್ಕೆ ಹಾಕುವುದು ಸಾಧ್ಯವಿರುವುದು ಆಗ ಮಾತ್ರ. ಕಾರವಾರದಲ್ಲಿ ಕಡಲ ಜೀವವಿಜ್ಞಾನದ ಸ್ನಾತಕೋತ್ತರ ವಿಭಾಗವಿದೆ, ಕೇಂದ್ರೀಯ ಸಂಸ್ಥೆಯ ಶಾಖೆಯಿದೆ, ಕುಮಟಾದಲ್ಲಿ ಕಾಲೇಜುಗಳಿವೆ. ಮೊದಲ ಎಣಿಕೆಗೆ ಸರಿಯಾದ ಕಾಲ ಮಳೆ ನಿಂತು ನೀರು ತಿಳಿಯಾಗುವ ಅಕ್ಟೋಬರ್ ಕೊನೆ.